ಜಾದೂಗಾರ ಬಂದಾಗ ಮಕ್ಕಳ ಬಳಿ ಯಾರಿದ್ದಾರೆ?

ಹದಿನೈದು ಇಪ್ಪತ್ತು ವರ್ಷಗಳ ಹಿಂದೆ ಮನೆಯಲ್ಲಿ ಮಗುವಿನ ಸಂತೋಷಕೂಟವೆಂದರೆ ಒಂದು ಪಾಯಸ, ಹೆಚ್ಚೆಂದರೆ ಬೇಕರಿಯ ಒಂದು ಕೇಕ್, ನೆರೆಮನೆಯ ನಾಲ್ಕಾರು ಮಕ್ಕಳು. ಈಗ ಹಾಗಿಲ್ಲ. ಹುಟ್ಟುಹಬ್ಬವಿರಲಿ, ಅಕೀಕಾ ಇರಲಿ, ಈದ್‌ನ ಮರುದಿನ ಕುಟುಂಬದವರೆಲ್ಲ ಸೇರುವ ಊಟವಿರಲಿ, ಅಂಗಳದಲ್ಲೋ ಟೆರೇಸಿನಲ್ಲೋ ಬೆಲೂನಿನ ಕಮಾನು ಎದ್ದು ನಿಲ್ಲುತ್ತದೆ. ಜಾದೂ ಮಾಡುವವರು, ಬೆಲೂನಿನಲ್ಲಿ ನಾಯಿ, ಖಡ್ಗ ಮಾಡಿಕೊಡುವವರು, ಕರಡಿ ವೇಷದವರು, ಮುಖಕ್ಕೆ ಬಣ್ಣ ಬಳಿಯುವವರು, ಮೆಹಂದಿ ಹಾಕುವವರು, ಗಾಳಿ ತುಂಬಿದ ಜಾರುಬಂಡಿ ತರುವವರು, ಹೊಗೆ ಬಿಡುವ ಯಂತ್ರದವರು ಎಲ್ಲರೂ ಈಗ ಒಂದು ಫೋನ್ ಕರೆಗೆ ಬಾಗಿಲಿಗೆ ಬರುತ್ತಾರೆ.

ಹುಟ್ಟುಹಬ್ಬ ಆಚರಿಸಬೇಕೇ ಬೇಡವೇ, ಇಷ್ಟು ಖರ್ಚು ಸರಿಯೇ ಎಂಬ ಚರ್ಚೆಗೆ ಬೇರೆ ಪುಟಗಳಿವೆ. ಇದು ಆರೋಗ್ಯದ ಪುಟ. ಮಕ್ಕಳನ್ನು ಸೇರಿಸಿದ ಮೇಲೆ ಅವರನ್ನು ಬಂದ ಹಾಗೆಯೇ ಕೈಕಾಲು ಸುಖವಾಗಿ ಮನೆಗೆ ಕಳುಹಿಸುವ ಹೊಣೆ ಕರೆದವರದ್ದು. ಆ ಹೊಣೆಯ ಬಗ್ಗೆ ಮಾತ್ರ ಇಲ್ಲಿ ಮಾತು.

ನಮ್ಮ ಮನೆಗಳ ಕೂಟದಲ್ಲಿ ಒಂದು ವಿಶೇಷವಿದೆ. ಹೆಂಗಸರು ಒಳಗಿನ ಕೋಣೆಯಲ್ಲಿ, ಗಂಡಸರು ಹೊರಗೆ ಶಾಮಿಯಾನದ ಕೆಳಗೆ. ಬಂದ ಜಾದೂಗಾರ ಗಂಡಸು, ಆದ್ದರಿಂದ ಅವನಿಗೆ ಟೆರೇಸ್ ಅಥವಾ ಹಿಂದಿನ ಚಾವಡಿ. ಮಕ್ಕಳೆಲ್ಲ ಅಲ್ಲಿಗೆ ಓಡುತ್ತಾರೆ. ಒಳಗಿರುವ ತಾಯಂದಿರು ಮಕ್ಕಳು ತಂದೆಯರ ಕಣ್ಣಳತೆಯಲ್ಲಿದ್ದಾರೆ ಎಂದುಕೊಳ್ಳುತ್ತಾರೆ. ಹೊರಗಿರುವ ತಂದೆಯರು, ಮೇಲೆ ಯಾರಾದರೂ ಹೆಂಗಸರು ಇದ್ದೇ ಇರುತ್ತಾರೆ ಎಂದುಕೊಳ್ಳುತ್ತಾರೆ. ಮೂವತ್ತು ಮಕ್ಕಳ ಜೊತೆ ಒಬ್ಬ ಅಪರಿಚಿತ ಯುವಕ, ಅವನ ಪೆಟ್ಟಿಗೆ, ಒಂದು ಸ್ಪೀಕರ್, ಸೊಂಟದೆತ್ತರದ ಟೆರೇಸ್ ಗೋಡೆ. ಮುಂದೆ ಹೇಳುವ ಅಪಾಯಗಳಲ್ಲಿ ಮುಕ್ಕಾಲು ಪಾಲು ಆಗುವುದು ಆ ಅರ್ಧ ಗಂಟೆಯಲ್ಲೇ ಎಂಬುದು ನನ್ನ ಅನಿಸಿಕೆ.

ಪರಿಹಾರ ಕಷ್ಟದ್ದಲ್ಲ. ಕಾರ್ಯಕ್ರಮಕ್ಕೆ ಮುಂಚೆಯೇ ಇಬ್ಬರನ್ನು ಹೆಸರು ಹಿಡಿದು ನೇಮಿಸಿ. ಮಗುವಿನ ಮಾಮ, ದೊಡ್ಡಪ್ಪನ ಮಗ, ಕಾಲೇಜಿಗೆ ಹೋಗುವ ಚಿಕ್ಕಮ್ಮ, ಯಾರಾದರೂ ಸರಿ. ಆ ಹೊತ್ತಿನಲ್ಲಿ ಅವರಿಗೆ ಬಡಿಸುವ ಕೆಲಸವಿಲ್ಲ, ಫೋಟೋ ತೆಗೆಯುವ ಕೆಲಸವೂ ಇಲ್ಲ. ಒಬ್ಬರು ಆಟದ ಜಾಗದಲ್ಲಿ, ಇನ್ನೊಬ್ಬರು ಮೆಟ್ಟಿಲ ಬಾಯಿಯಲ್ಲಿ. ಫೋಟೋ ತೆಗೆಯುವವರನ್ನು ಕಾವಲಿಗೆ ಲೆಕ್ಕ ಹಿಡಿಯಬೇಡಿ. ಮೊಬೈಲ್ ಪರದೆಯಲ್ಲಿ ಮಗುವನ್ನು ನೋಡುತ್ತಿರುವವರಿಗೆ ಅದರ ಬಾಯಲ್ಲಿ ಏನಿದೆ ಎಂಬುದು ಕಾಣುವುದಿಲ್ಲ.

ಒಡೆದ ಬೆಲೂನಿನ ಚೂರು

ಪಾರ್ಟಿಯ ಎಲ್ಲ ಸಾಮಾನುಗಳಲ್ಲಿ ತೀರಾ ಸಾಧು ಎನಿಸುವುದು ಬೆಲೂನು. ವೈದ್ಯರು ಹೆಚ್ಚು ಹೆದರುವುದೂ ಅದಕ್ಕೇ. ಊದದ ಬೆಲೂನು ಅಥವಾ ಒಡೆದ ಬೆಲೂನಿನ ಚೂರನ್ನು ಮಗು ಬಾಯಿಗೆ ಹಾಕಿಕೊಂಡು ಒಮ್ಮೆ ಉಸಿರೆಳೆದರೆ ಆ ತೆಳು ರಬ್ಬರ್ ಗಂಟಲಲ್ಲಿ ಶ್ವಾಸನಾಳದ ಬಾಯಿಗೆ ಮುಚ್ಚಳದ ಹಾಗೆ ಅಂಟಿಕೊಳ್ಳುತ್ತದೆ. ಕಡಲೆಬೀಜವೋ ನಾಣ್ಯವೋ ಸಿಕ್ಕಿಕೊಂಡರೆ ಪಕ್ಕದಲ್ಲಿ ಸ್ವಲ್ಪ ಗಾಳಿ ಓಡಾಡಲು ಜಾಗವಿರಬಹುದು. ರಬ್ಬರ್ ಹಾಗಲ್ಲ, ಅದು ಜಾಗದ ಆಕಾರಕ್ಕೆ ಒಗ್ಗಿ ಪೂರ್ತಿ ಮುಚ್ಚುತ್ತದೆ. ಬೆನ್ನಿಗೆ ಹೊಡೆದರೂ ಸುಲಭವಾಗಿ ಹೊರಬರುವುದಿಲ್ಲ. ಅಮೆರಿಕದಲ್ಲಿ ಮಕ್ಕಳ ಆಟಿಕೆಗಳಿಂದ ಉಸಿರುಗಟ್ಟಿ ಆದ ಸಾವುಗಳನ್ನು ಪರಿಶೀಲಿಸಿದಾಗ ಬೆಲೂನೇ ಮೊದಲ ಸ್ಥಾನದಲ್ಲಿ ಬಂತು. ಎಂಟು ವರ್ಷದೊಳಗಿನ ಮಕ್ಕಳಿಗೆ ಅಪಾಯ ಎಂಬ ಎಚ್ಚರಿಕೆಯನ್ನು ಬೆಲೂನಿನ ಪೊಟ್ಟಣದ ಮೇಲೆ ಮುದ್ರಿಸಲೇಬೇಕು ಎಂದು ಅಲ್ಲಿ 1994ರಿಂದ ಕಾನೂನಿದೆ. ಎರಡು ವರ್ಷದೊಳಗೆ ಅಲ್ಲ, ಎಂಟು ವರ್ಷದೊಳಗೆ. ನಮ್ಮಲ್ಲಿ ಎರಡನೇ ತರಗತಿಯ ಹುಡುಗನ ಕೈಗೆ ಬೆಲೂನಿನ ಪ್ಯಾಕೆಟ್ ಕೊಟ್ಟು 'ಊದಿ ಇಡು' ಎನ್ನುತ್ತೇವೆ.

ಬೆಲೂನು ಊದುವ ಕೆಲಸ ದೊಡ್ಡವರದ್ದಾಗಲಿ, ಅದೂ ಕೈಪಂಪಿನಿಂದ. ಬಾಯಿಯಿಂದ ಊದಿದ ಬೆಲೂನಿನ ಬಾಯನ್ನು ಮತ್ತೊಂದು ಮಗು ಕಚ್ಚುತ್ತದೆ, ಕೆಮ್ಮು ನೆಗಡಿ ಹರಡಲು ಅದಕ್ಕಿಂತ ನೇರದಾರಿ ಬೇಕಿಲ್ಲ. ಬೆಲೂನು ತಿರುವಿ ಪ್ರಾಣಿ ಮಾಡುವವರ ಮುಂದೆ ಮಕ್ಕಳು ಗುಂಪುಗೂಡಿರುತ್ತಾರೆ. ಅಲ್ಲಿ ಐದಕ್ಕೆ ಒಂದಾದರೂ ಒಡೆಯುತ್ತದೆ. ಆ ಚೂರುಗಳನ್ನು ಹೆಕ್ಕಲು ಒಂದು ಡಬ್ಬ ಅವರ ಕಾಲ ಬಳಿಯೇ ಇರಲಿ. ಕೂಟ ಮುಗಿದ ಮೇಲೆ ಗುಡಿಸುವುದು ಸಾಲದು, ಒಡೆದ ಕೂಡಲೇ ಹೆಕ್ಕಬೇಕು. ಮೂರು ವರ್ಷದೊಳಗಿನ ಮಕ್ಕಳಿರುವ ಕಡೆ ಕೈಗೆ ಬೆಲೂನನ್ನೇ ಕೊಡದಿದ್ದರೆ ಯಾರಿಗೂ ನಷ್ಟವಿಲ್ಲ. ಬಟ್ಟೆಯ, ಕಾಗದದ ತೋರಣವೂ ಅಷ್ಟೇ ಚೆನ್ನಾಗಿ ಕಾಣುತ್ತದೆ. ಕೆಲವು ಮಕ್ಕಳಿಗೆ ಬೆಲೂನಿನ ರಬ್ಬರೇ ಅಲರ್ಜಿ, ತುಟಿ ಊದುತ್ತದೆ, ಮೈ ತುರಿಸುತ್ತದೆ. ಹಲವು ಶಸ್ತ್ರಚಿಕಿತ್ಸೆಯಾದ ಮಕ್ಕಳಲ್ಲಿ ಇದು ಹೆಚ್ಚು.

ಇನ್ನು ಹಾರುವ ಬೆಲೂನಿನ ಕಥೆ. ಹೀಲಿಯಂ ತುಂಬಿದ ಬೆಲೂನು ಬೆಂಕಿ ಹಿಡಿಯುವುದಿಲ್ಲ. ಆದರೆ ಹೀಲಿಯಂ ದುಬಾರಿ. ಆದ್ದರಿಂದ ಬೀದಿಬದಿಯಲ್ಲಿ ತುಂಬುವುದು ಬಹುಪಾಲು ಹೈಡ್ರೋಜನ್. ಕಾಸ್ಟಿಕ್ ಸೋಡಾ, ಅಲ್ಯೂಮಿನಿಯಂ ಚೂರು ಹಾಕಿ ಹಳೆಯ ಸಿಲಿಂಡರಿನಲ್ಲೇ ಅದನ್ನು ತಯಾರಿಸುತ್ತಾರೆ. ಒಂದು ಮೇಣದ ಬತ್ತಿ, ಒಂದು ಸಿಗರೇಟಿನ ಕಿಡಿ ಸಾಕು. 2012ರ ಮೇ ತಿಂಗಳಲ್ಲಿ ಅರ್ಮೇನಿಯಾದ ರಾಜಧಾನಿ ಯೆರೆವಾನ್‌ನಲ್ಲಿ ಒಂದು ರ್‍ಯಾಲಿಗೆ ತಂದಿದ್ದ ಇಂಥ ಬೆಲೂನುಗಳು ಒಟ್ಟಿಗೆ ಸಿಡಿದು ನೂರಕ್ಕೂ ಹೆಚ್ಚು ಮಂದಿಗೆ ಸುಟ್ಟಗಾಯಗಳಾದವು. 2020ರ ಸೆಪ್ಟೆಂಬರ್‌ನಲ್ಲಿ ಚೆನ್ನೈಯ ಒಂದು ಸಾರ್ವಜನಿಕ ಹುಟ್ಟುಹಬ್ಬದ ಆಚರಣೆಯಲ್ಲೂ ಹೈಡ್ರೋಜನ್ ಬೆಲೂನಿನ ಗೊಂಚಲು ಹೊತ್ತಿ ಹಲವರು ಗಾಯಗೊಂಡರು. ನೋಡಿದರೆ ಯಾವ ಬೆಲೂನಿನಲ್ಲಿ ಯಾವ ಅನಿಲ ಎಂದು ತಿಳಿಯುವುದಿಲ್ಲ. ಪರೀಕ್ಷಿಸಲು ಕಡ್ಡಿ ಗೀರುವಂತೆಯೂ ಇಲ್ಲ. ಬರುವವರ ಬಳಿ ಹೀಲಿಯಂ ಎಂಬುದಕ್ಕೆ ಬಿಲ್ ಇಲ್ಲದಿದ್ದರೆ ಬೇಡವೆನ್ನಿ. ಸಾದಾ ಗಾಳಿ ತುಂಬಿ ದಾರ ಕಟ್ಟಿ ಮೇಲೆ ತೂಗಬಿಟ್ಟರೆ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ಹೀಲಿಯಂ ಸುರಕ್ಷಿತ ಎಂದ ಮಾತ್ರಕ್ಕೆ ಅದನ್ನು ಬಾಯಿಗೆ ಎಳೆದುಕೊಂಡು ಬಾತುಕೋಳಿಯ ದನಿಯಲ್ಲಿ ಮಾತಾಡುವ ಆಟ ಸುರಕ್ಷಿತವಲ್ಲ. 2015ರಲ್ಲಿ ಜಪಾನಿನ ಟಿವಿ ಕಾರ್ಯಕ್ರಮವೊಂದರ ಚಿತ್ರೀಕರಣದಲ್ಲಿ ಹನ್ನೆರಡು ವರ್ಷದ ಹುಡುಗಿಯೊಬ್ಬಳು ಹೀಲಿಯಂ ಎಳೆದುಕೊಂಡು ಪ್ರಜ್ಞೆ ತಪ್ಪಿದಳು; ಅನಿಲದ ಗುಳ್ಳೆಗಳು ರಕ್ತದ ಮೂಲಕ ಮೆದುಳಿಗೆ ಸೇರಿದ್ದವು. ಜಾದೂಗಾರ ನಗಿಸಲೆಂದು ಇದನ್ನು ಮಾಡಿ ತೋರಿಸುತ್ತಾನಾದರೆ ಮುಂಚೆಯೇ ಬೇಡವೆಂದು ಹೇಳಿ. ಅವನು ಮಾಡಿದ್ದನ್ನು ಅವನು ಹೋದ ಮೇಲೆ ಮಕ್ಕಳು ಮಾಡುತ್ತಾರೆ.

ಬಿಳಿ ಹೊಗೆ

ಕೇಕಿನ ಮೇಜಿನ ಸುತ್ತ ಮೋಡದಂತೆ ಬಿಳಿ ಹೊಗೆ ಹರಿಯಬೇಕು, ಮಗು ಅದರ ನಡುವಿನಿಂದ ನಡೆದು ಬರಬೇಕು, ಇದು ಇತ್ತೀಚಿನ ಷೋಕಿ. ಆ ಹೊಗೆ ಹೆಚ್ಚಾಗಿ ಡ್ರೈ ಐಸ್‌ನದ್ದು. ಡ್ರೈ ಐಸ್ ಎಂದರೆ ಗಟ್ಟಿಯಾಗಿಸಿದ ಇಂಗಾಲದ ಡೈಆಕ್ಸೈಡ್, ಮೈನಸ್ 78 ಡಿಗ್ರಿಯ ತಣ್ಣನೆಯ ತುಂಡು. ಬರಿಗೈಯಲ್ಲಿ ಮುಟ್ಟಿದರೆ ಬೆಂಕಿ ತಾಗಿದ ಹಾಗೆ ಚರ್ಮ ಸಾಯುತ್ತದೆ. ನೀರಿಗೆ ಹಾಕಿದಾಗ ಏಳುವ ಅನಿಲ ಗಾಳಿಗಿಂತ ಭಾರ, ನೆಲಮಟ್ಟದಲ್ಲೇ ನಿಲ್ಲುತ್ತದೆ. ನೆಲದ ಹತ್ತಿರ ಉಸಿರಾಡುವವರು ಯಾರು? ನಿಂತ ದೊಡ್ಡವರಲ್ಲ, ಕುಳಿತ ಮಕ್ಕಳು, ಅಂಬೆಗಾಲಿಡುವ ಕೂಸುಗಳು. ಎಸಿ ಹಾಕಿ ಬಾಗಿಲು ಕಿಟಕಿ ಮುಚ್ಚಿದ ಹಾಲ್‌ನಲ್ಲಿ ಇದು ಆಟದ ಮಾತಲ್ಲ. 2020ರ ಫೆಬ್ರವರಿಯಲ್ಲಿ ಮಾಸ್ಕೋದಲ್ಲಿ ಹುಟ್ಟುಹಬ್ಬದ ಕೂಟವೊಂದರಲ್ಲಿ ಹೊಗೆ ಏಳಲೆಂದು ಈಜುಕೊಳಕ್ಕೆ ಡ್ರೈ ಐಸ್ ಸುರಿದರು. ಮೂವರು ಸತ್ತರು. 2024ರ ಮಾರ್ಚ್‌ನಲ್ಲಿ ಗುರುಗ್ರಾಮದ ರೆಸ್ಟೋರೆಂಟಿನಲ್ಲಿ ಊಟದ ಬಳಿಕ ಬಾಯಿ ಶುದ್ಧಿಗೆಂದು ಕೊಟ್ಟದ್ದು ಡ್ರೈ ಐಸ್ ಆಗಿತ್ತು. ತಿಂದ ಐವರು ರಕ್ತ ಕಾರಿ ಆಸ್ಪತ್ರೆ ಸೇರಿದರು.

ಹೊಗೆಯ ತಿಂಡಿ ಇನ್ನೂ ಕೆಟ್ಟದ್ದು. ಹೊಗೆ ಬಿಸ್ಕತ್ತು, ಹೊಗೆ ಪಾನ್ ಎಂದು ಮಾರುವುದರಲ್ಲಿ ಇರುವುದು ಮೈನಸ್ 196 ಡಿಗ್ರಿಯ ದ್ರವ ಸಾರಜನಕ. ಅದು ಆವಿಯಾದಾಗ ಸುಮಾರು ಏಳುನೂರು ಪಟ್ಟು ಹಿಗ್ಗುತ್ತದೆ. ಹೊಟ್ಟೆಯೊಳಗೆ ಹಿಗ್ಗಿದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರಿನಲ್ಲೇ ಉದಾಹರಣೆ ಸಿಕ್ಕಿತು. ಮದುವೆಯ ಆರತಕ್ಷತೆಯಲ್ಲಿ ಹೊಗೆ ಪಾನ್ ತಿಂದ ಹನ್ನೆರಡು ವರ್ಷದ ಹುಡುಗಿಯ ಜಠರದಲ್ಲಿ ತೂತು ಬಿದ್ದು ಶಸ್ತ್ರಚಿಕಿತ್ಸೆ ಮಾಡಬೇಕಾಯಿತು. 2024ರ ಮೇ ತಿಂಗಳಲ್ಲಿ ಕರ್ನಾಟಕದಲ್ಲಿ ತಿನಿಸಿನ ಜೊತೆ ದ್ರವ ಸಾರಜನಕ ಬಡಿಸುವುದಕ್ಕೆ ನಿಷೇಧ ಬಂತು. ಆದರೂ 'ಮಕ್ಕಳಿಗೆ ಸ್ಮೋಕ್ ಬಿಸ್ಕತ್ ಸ್ಟಾಲ್ ಹಾಕೋಣವಾ' ಎಂದು ಯಾರಾದರೂ ಕೇಳಿದರೆ ಬೇಡ ಎನ್ನಲು ಕಾರಣ ಹುಡುಕಬೇಕಿಲ್ಲ, ಕಾನೂನೇ ಇದೆ.

ಇದೇ ಸಾಲಿಗೆ ಸೇರುವುದು ಬೆಂಕಿಯ ಆಟ. ಜಾದೂಗಾರನ ಕೈಯಲ್ಲಿ ಭಗ್ಗೆಂದು ಹೊತ್ತಿ ಮಾಯವಾಗುವ ಕಾಗದ ಸಾದಾ ಕಾಗದವಲ್ಲ, ರಾಸಾಯನಿಕದಲ್ಲಿ ಅದ್ದಿ ತಯಾರಿಸಿದ ತೀವ್ರವಾಗಿ ಉರಿಯುವ ಸಾಮಗ್ರಿ. ಕೇಕಿನ ಮೇಲೆ ಕಾರಂಜಿಯಂತೆ ಕಿಡಿ ಕಾರುವ ಬತ್ತಿ, ನೊರೆಯಂತೆ ಸಿಂಪಡಿಸುವ ಹಿಮದ ಸ್ಪ್ರೇ, ಇವೆರಡು ಒಂದೇ ಮೇಜಿನಲ್ಲಿ ಇರಲೇಬಾರದು. ಆ ಸ್ಪ್ರೇ ಡಬ್ಬದೊಳಗೆ ನೊರೆಯನ್ನು ಹೊರದೂಡುವುದು ಬಹುಪಾಲು ಅಡುಗೆ ಅನಿಲದ ಜಾತಿಯದೇ ಅನಿಲ. ಉರಿಯುವ ಮೇಣದ ಬತ್ತಿಯ ಮೇಲೆ ಸಿಂಪಡಿಸಿದರೆ ಮುಖದ ಮುಂದೆ ಬೆಂಕಿಯ ಉಂಡೆ. ಮುಚ್ಚಿದ ಸಭಾಂಗಣದಲ್ಲಿ ಕಿಡಿ ಕಾರಂಜಿ ಹಚ್ಚಿದ್ದರಿಂದ ಏನಾಗಬಹುದೆಂದು 2023ರ ಸೆಪ್ಟೆಂಬರ್‌ನಲ್ಲಿ ಇರಾಕಿನ ಹಮ್ದಾನಿಯಾದ ಮದುವೆಮನೆಯಲ್ಲಿ ಜಗತ್ತೇ ನೋಡಿತು. ನೂರಕ್ಕೂ ಹೆಚ್ಚು ಜನ ಅಲ್ಲಿ ಪ್ರಾಣ ಬಿಟ್ಟರು.

ನಮ್ಮ ಹೆಣ್ಣುಮಕ್ಕಳ ಪಾರ್ಟಿ ಗೌನುಗಳು ನೈಲಾನ್ ನೆಟ್‌ನವು, ದೊಡ್ಡವರ ದುಪಟ್ಟಾ, ಬುರ್ಖಾದ ತೋಳು ಪಾಲಿಯೆಸ್ಟರಿನದು. ಇವು ಉರಿಯುವುದಷ್ಟೇ ಅಲ್ಲ, ಕರಗಿ ಮೈಗೆ ಅಂಟುತ್ತವೆ. ಮಗುವನ್ನು ಮೇಣದ ಬತ್ತಿಯ ಮೇಲೆ ಬಾಗಿಸಿ ಫೋಟೋ ತೆಗೆಯುವ ಮುನ್ನ ಗೌನಿನ ಅಂಚು, ಬಿಟ್ಟ ಕೂದಲು, ನಿಮ್ಮ ಸೆರಗು ಎಲ್ಲಿದೆ ನೋಡಿ. ಬಟ್ಟೆಗೆ ಬೆಂಕಿ ತಗುಲಿದರೆ ಮಗು ಓಡುತ್ತದೆ, ಓಡಿದಷ್ಟೂ ಉರಿ ಹೆಚ್ಚುತ್ತದೆ. ಹಿಡಿದು ನೆಲಕ್ಕೆ ಮಲಗಿಸಿ ಉರುಳಿಸಿ, ದಪ್ಪ ಹತ್ತಿ ಬೆಡ್‌ಶೀಟ್ ಅಥವಾ ಕಂಬಳಿ ಹೊದಿಸಿ ಆರಿಸಿ. ಸುಟ್ಟ ಜಾಗದ ಮೇಲೆ ಇಪ್ಪತ್ತು ನಿಮಿಷ ನಲ್ಲಿಯ ತಣ್ಣೀರು ಹರಿಯಲಿ. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ತುಪ್ಪ ಯಾವುದೂ ಬೇಡ. ಅಜ್ಜಿ ಕೋಪಿಸಿಕೊಂಡರೂ ಬೇಡ.

ಮುಖದ ಬಣ್ಣ, ಕೈಯ ಕಪ್ಪು

ಮುಖಕ್ಕೆ ಹುಲಿ, ಚಿಟ್ಟೆ ಬರೆಯುವವರು ಬಂದರೆ ಮೊದಲು ಬಣ್ಣದ ಡಬ್ಬ ನೋಡಿ. ಚರ್ಮಕ್ಕೆಂದೇ ತಯಾರಿಸಿದ ಬಣ್ಣವೇ, ಅವಧಿ ಮುಗಿದಿಲ್ಲವೇ ಎಂದು ಓದಿ. ಶಾಲೆಯ ಪೋಸ್ಟರ್ ಬಣ್ಣ, ಅಕ್ರಿಲಿಕ್ ಬಣ್ಣದ ಡಬ್ಬದ ಮೇಲೆ ವಿಷಕಾರಿಯಲ್ಲ ಎಂದು ಬರೆದಿದ್ದರೂ ಅದು ಕಾಗದಕ್ಕೆ ಹೇಳಿದ ಮಾತು, ಕೆನ್ನೆಗಲ್ಲ. ಕಣ್ಣಿನ ಸುತ್ತ, ತುಟಿಯ ಮೇಲೆ ಬೇಡ. ಚರ್ಮ ಸೂಕ್ಷ್ಮವಿರುವ ಮಗುವಾದರೆ ಹಿಂದಿನ ದಿನವೇ ಒಂದು ಚುಕ್ಕೆಯಷ್ಟು ಮೊಣಕೈಯ ಒಳಭಾಗಕ್ಕೆ ಹಚ್ಚಿ ನೋಡುವುದು ಒಳ್ಳೆಯದು.

ಬಣ್ಣಕ್ಕಿಂತ ನನಗೆ ಹೆಚ್ಚು ಅಳುಕು ತರುವುದು ಸ್ಪಂಜು. ಇಪ್ಪತ್ತು ಮಕ್ಕಳ ಮುಖಕ್ಕೆ ಒಂದೇ ಸ್ಪಂಜು, ಒಂದೇ ಲೋಟದ ಬಣ್ಣದ ನೀರು. ಒಂದು ಮಗುವಿನ ಕೀವು ತುಂಬಿದ ಗುಳ್ಳೆ, ಇನ್ನೊಂದರ ಕೆಂಗಣ್ಣು ಆ ಸಂಜೆಯೇ ಎಲ್ಲರ ಮನೆಗೂ ಹೋಗುತ್ತದೆ. ಒಂದೊಂದು ಮಗುವಿಗೆ ಒಂದೊಂದು ಸ್ಪಂಜಿನ ತುಂಡು ಕೊಡಿ. ನಾಲ್ಕು ದೊಡ್ಡ ಸ್ಪಂಜು ತಂದು ಕತ್ತರಿಸಿದರೆ ಇಡೀ ಕೂಟಕ್ಕೆ ಸಾಕು. ಮುಖದಲ್ಲಿ ಹುಣ್ಣು, ಕಣ್ಣಲ್ಲಿ ಪಿಸುರು ಇರುವ ಮಗುವಿಗೆ ಕೈಯ ಮೇಲೆ ಬರೆಸಿದರಾಯಿತು, ಬೇಸರವಾಗದು. ಕರಡಿಯ ತಲೆ, ಮೊಲದ ತಲೆಯನ್ನು ಮಕ್ಕಳು ಕಿತ್ತು ತಾವೇ ಹಾಕಿಕೊಳ್ಳುವುದುಂಟು. ಒಳಗೆ ಎಷ್ಟು ಜನರ ಬೆವರಿದೆಯೋ ಗೊತ್ತಿಲ್ಲ, ಹೇನಂತೂ ಖಚಿತವಾಗಿ ದಾಟಬಲ್ಲದು.

ಇನ್ನು ಮೆಹಂದಿ. ಇದನ್ನು ನಾವು ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಎಲೆ ಅರೆದ ನಿಜವಾದ ಮದರಂಗಿ ಗಂಟೆಗಟ್ಟಲೆ ಕೈಯಲ್ಲಿರಬೇಕು, ಮೊದಲು ಕಿತ್ತಳೆ, ಮರುದಿನ ಕೆಂಗಂದು. ಹತ್ತು ಹದಿನೈದು ನಿಮಿಷದಲ್ಲಿ ಕಡುಕಪ್ಪು ಬಂದರೆ ಅದು ಮದರಂಗಿಯ ಗುಣವಲ್ಲ. ಕಪ್ಪು ಮೆಹಂದಿಗೆ ಸಾಮಾನ್ಯವಾಗಿ ಬೆರೆಸುವುದು ಪಿಪಿಡಿ ಎಂಬ ರಾಸಾಯನಿಕ. ತಲೆಗೂದಲಿನ ಬಣ್ಣದಲ್ಲಿ ಇದು ಮಿತಿಯಲ್ಲಿ ಇರುತ್ತದೆ, ನೇರವಾಗಿ ಚರ್ಮಕ್ಕೆ ಹಚ್ಚಲು ಅಲ್ಲ. ಹಾಕಿದ ದಿನ ಏನೂ ಆಗದಿರಬಹುದು. ಕೆಲವು ದಿನ ಕಳೆದು ಆ ಹೂಬಳ್ಳಿಯ ಆಕಾರದಲ್ಲೇ ಚರ್ಮ ಕೆಂಪಾಗಿ ಊದಿ ನೀರುಗುಳ್ಳೆಗಳೇಳುತ್ತವೆ. ಗುಳ್ಳೆ ಮಾಗಬಹುದು, ಕಲೆ ಉಳಿಯಬಹುದು. ಅದಕ್ಕಿಂತ ದೊಡ್ಡ ತೊಂದರೆಯೆಂದರೆ ದೇಹ ಆ ರಾಸಾಯನಿಕವನ್ನು ಮರೆಯುವುದಿಲ್ಲ. ಆರು ವರ್ಷದಲ್ಲಿ ಕಪ್ಪು ಮೆಹಂದಿ ಹಾಕಿಸಿಕೊಂಡ ಹುಡುಗಿ ನಲವತ್ತರಲ್ಲಿ ಕೂದಲಿಗೆ ಬಣ್ಣ ಹಚ್ಚಿದಾಗ ಮುಖವೆಲ್ಲ ಊದಿಕೊಂಡು ಆಸ್ಪತ್ರೆ ಸೇರಬಹುದು. ಕೋನಿನ ಮೇಲೆ ಏನೇನು ಬೆರೆಸಿದೆ ಎಂದು ಬರೆದಿಲ್ಲದಿದ್ದರೆ, ಬಿಡಿಸಿದಾಗ ಸೀಮೆಎಣ್ಣೆಯಂಥ ಘಾಟು ಬಂದರೆ ಮಕ್ಕಳ ಕೈಗೆ ಅದು ಬೇಡ. ಜಿ6ಪಿಡಿ ಕೊರತೆ ಎಂದು ವೈದ್ಯರು ಹೇಳಿರುವ ಮಕ್ಕಳಿಗೆ ನಿಜವಾದ ಮದರಂಗಿಯೂ ಅಪಾಯ. ಅವರ ಕೆಂಪು ರಕ್ತಕಣಗಳು ಒಡೆದು ಕಾಮಾಲೆ, ರಕ್ತಹೀನತೆ ಬರಬಹುದು. ಈ ಕೊರತೆ ಹೆಚ್ಚಾಗಿ ಕಾಣುವುದು ಗಂಡುಮಕ್ಕಳಲ್ಲಿ. ಅದಿದೆಯೋ ಇಲ್ಲವೋ ತಿಳಿಯದ ಹಸುಗೂಸುಗಳ ಅಂಗೈ ಅಂಗಾಲಿಗೆ ಶಾಸ್ತ್ರಕ್ಕೆಂದು ಮದರಂಗಿ ಹಚ್ಚುವುದನ್ನು ಬಿಟ್ಟರೆ ಒಳ್ಳೆಯದು.

ನಾಣ್ಯದಂಥ ಬ್ಯಾಟರಿ

ಮಿನುಗುವ ಬೆಲೂನು, ಮಿನುಗುವ ಉಂಗುರ, ಹಾಡುವ ಮೇಣದ ಬತ್ತಿ, ಮಕ್ಕಳಿಗೆ ಕೊನೆಯಲ್ಲಿ ಹಂಚುವ ಅಗ್ಗದ ಟಾರ್ಚು, ಇವೆಲ್ಲದರ ಹೊಟ್ಟೆಯಲ್ಲಿ ಒಂದು ಗುಂಡು ಬ್ಯಾಟರಿ ಇರುತ್ತದೆ. ಮುಚ್ಚಳಕ್ಕೆ ಸ್ಕ್ರೂ ಇರುವುದಿಲ್ಲ, ಒಮ್ಮೆ ಬಿದ್ದರೆ ಬಿಚ್ಚಿಕೊಳ್ಳುತ್ತದೆ. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಒದ್ದೆ ಚರ್ಮದ ಮೂಲಕ ವಿದ್ಯುತ್ ಹರಿದು ಎರಡೇ ಗಂಟೆಯಲ್ಲಿ ಸುಟ್ಟು ತೂತು ಮಾಡಬಲ್ಲದು. ಮಗು ಸುಮ್ಮನೆ ಜೊಲ್ಲು ಸುರಿಸುತ್ತದೆ, ತಿನ್ನಲು ಒಲ್ಲೆ ಎನ್ನುತ್ತದೆ, ಕೆಮ್ಮುತ್ತದೆ. ನೋಡುವವರಿಗೆ ನೆಗಡಿಯಂತೆ ಕಾಣುತ್ತದೆ.

ನುಂಗಿದೆ ಎಂಬ ಅನುಮಾನ ಬಂದರೂ ಎಕ್ಸ್‌ರೇ ಇರುವ ಆಸ್ಪತ್ರೆಗೆ ಕೂಡಲೇ ಹೊರಡಿ. ವಾಂತಿ ಮಾಡಿಸಬೇಡಿ, ಮಲದಲ್ಲಿ ಬರುತ್ತದೆಂದು ಕಾಯಬೇಡಿ. ಮಗುವಿಗೆ ಒಂದು ವರ್ಷ ದಾಟಿದ್ದು, ನುಂಗಿ ಹನ್ನೆರಡು ಗಂಟೆಯೊಳಗಾಗಿದ್ದು, ನುಂಗಲು ತೊಂದರೆಯಿಲ್ಲದಿದ್ದರೆ ದಾರಿಯಲ್ಲಿ ಹತ್ತು ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನು ಕೊಡಬಹುದು, ಒಟ್ಟು ಆರು ಸಲ ಮೀರದಂತೆ. ಜೇನು ಸುಡುವ ವೇಗವನ್ನು ತಗ್ಗಿಸುತ್ತದೆ. ಮನೆಯಲ್ಲಿ ಜೇನು ಹುಡುಕುತ್ತಾ ನಿಲ್ಲಬೇಡಿ, ಸಿಕ್ಕರೆ ಸರಿ, ಇಲ್ಲದಿದ್ದರೆ ಹೊರಡಿ. ಒಂದು ವರ್ಷದೊಳಗಿನ ಕೂಸಿಗೆ ಜೇನು ಕೊಡಲೇಬಾರದು. ಮೂಗು, ಕಿವಿಯೊಳಗೆ ತುರುಕಿಕೊಂಡ ಬ್ಯಾಟರಿಯೂ ತುರ್ತಿನದೇ. ಜಾದೂಗಾರರು ಬಳಸುವ ಪುಟ್ಟ ಬಲವಾದ ಅಯಸ್ಕಾಂತಗಳೂ ಹೀಗೆಯೇ. ಎರಡು ನುಂಗಿದರೆ ಕರುಳಿನ ಎರಡು ಮಡಿಕೆಗಳನ್ನು ಒಳಗಿನಿಂದ ಸೆಳೆದು ಅಂಟಿಸಿ ತೂತು ಮಾಡುತ್ತವೆ. ಆಟ ಮುಗಿದ ಕೂಡಲೇ ತಮ್ಮ ಸಾಮಾನು ಎಣಿಸಿ ಪೆಟ್ಟಿಗೆಗೆ ಹಾಕಲು ಅವರಿಗೆ ಹೇಳಿ.

ಜಾರುಬಂಡಿ, ಸ್ಪೀಕರ್, ಕೇಕ್

ಗಾಳಿ ತುಂಬಿದ ಕೋಟೆ, ಜಾರುಬಂಡಿ ಟೆರೇಸಿಗೆ ಬೇಡವೇ ಬೇಡ. ಗಾಳಿಗೆ ಅದು ಹಾಯಿಯಂತೆ ಏಳುತ್ತದೆ. 2021ರ ಡಿಸೆಂಬರ್‌ನಲ್ಲಿ ಆಸ್ಟ್ರೇಲಿಯಾದ ಟ್ಯಾಸ್ಮೇನಿಯಾದಲ್ಲಿ ಬಯಲಲ್ಲಿದ್ದ ಇಂಥದ್ದೊಂದು ಗಾಳಿಗೆ ಹಾರಿ ಆರು ಮಕ್ಕಳು ತೀರಿಕೊಂಡರು. ಅಂಗಳದಲ್ಲಿ ಹಾಕಿದರೆ ಎಲ್ಲ ಹಗ್ಗಗಳನ್ನೂ ಗೂಟಕ್ಕೆ ಬಿಗಿದಿದ್ದಾರೆಯೇ ನೋಡಿ, ಗಾಳಿ ಜೋರಾದರೆ ಮಕ್ಕಳನ್ನು ಇಳಿಸಿ. ನಾಲ್ಕು ವರ್ಷದವರನ್ನೂ ಹನ್ನೆರಡರವರನ್ನೂ ಒಟ್ಟಿಗೆ ಬಿಟ್ಟರೆ ಮುರಿಯುವುದು ಸಣ್ಣವರ ಕೈ. ಗಾಳಿ ಊದುವ ಮೋಟಾರಿನ ವೈರಿಗೆ ಮನೆಯ ಇಎಲ್‌ಸಿಬಿ ಇರುವ ಪ್ಲಗ್ಗೇ ಬೇಕು, ಒದ್ದೆ ನೆಲದಲ್ಲಿ ಇನ್ಸುಲೇಷನ್ ಟೇಪು ಸುತ್ತಿದ ಎಕ್ಸ್‌ಟೆನ್ಷನ್ ಬೇಡ.

ಸ್ಪೀಕರ್ ಶಬ್ದಕ್ಕೆ ಅಳತೆ ಯಂತ್ರವೇನೂ ಬೇಡ. ಕೈಯಳತೆ ದೂರದಲ್ಲಿ ನಿಂತವರೊಡನೆ ಕಿರುಚಿ ಮಾತಾಡಬೇಕಾದರೆ ಅದು ಮಕ್ಕಳ ಕಿವಿಗೆ ಹೆಚ್ಚಾಯಿತು. ಹಸುಗೂಸುಗಳನ್ನು ಆ ಕೋಣೆಗೇ ತರಬೇಡಿ. ಮಿಟುಕಿ ಮಿಟುಕಿ ಉರಿಯುವ ಬೆಳಕು ಅಪಸ್ಮಾರವಿರುವ ಮಕ್ಕಳಲ್ಲಿ ಫಿಟ್ಸ್ ತರಿಸಬಹುದು. 1997ರಲ್ಲಿ ಜಪಾನಿನಲ್ಲಿ ಕಾರ್ಟೂನ್ ಒಂದರ ಮಿಟುಕು ಬೆಳಕಿಗೆ ಒಂದೇ ಸಂಜೆ ಆರುನೂರಕ್ಕೂ ಹೆಚ್ಚು ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದ್ದರು.

ಬಣ್ಣದ ಬಾಂಬೆ ಮಿಠಾಯಿ ಮಾಡುವವರನ್ನು ಕರೆಸುವುದಾದರೆ ಬಿಳಿಯದನ್ನೇ ಮಾಡಿಸಿ. ಅದರ ಗುಲಾಬಿ ಬಣ್ಣಕ್ಕೆ ಬಳಸುತ್ತಿದ್ದ ರೋಡಮೈನ್-ಬಿ ಬಟ್ಟೆಗೆ ಹಾಕುವ ಬಣ್ಣ. 2024ರ ಮಾರ್ಚ್‌ನಲ್ಲಿ ರಾಜ್ಯ ಸರಕಾರ ಅದನ್ನು ನಿಷೇಧಿಸಿದೆ. ಅದೇ ವರ್ಷ ಆಹಾರ ಸುರಕ್ಷತಾ ಇಲಾಖೆ ಪರೀಕ್ಷಿಸಿದ 235 ಕೇಕ್ ಮಾದರಿಗಳಲ್ಲಿ 12 ಅಸುರಕ್ಷಿತವೆಂದು ಕಂಡುಬಂತು, ಕಾರಣ ಮತ್ತೆ ಕೃತಕ ಬಣ್ಣ. ಕಡುಕೆಂಪು, ಕಡುನೀಲಿ ಕೇಕಿಗಿಂತ ಸಾದಾ ಬಣ್ಣದ್ದು ವಾಸಿ. ಮೇಣದ ಬತ್ತಿ ಊದಿ ಆರಿಸುವುದರ ಬಗ್ಗೆಯೂ ಒಂದು ಮಾತು. ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಊದಿದ ಮೇಲೆ ಕ್ರೀಮಿನ ಮೇಲಿನ ಬ್ಯಾಕ್ಟೀರಿಯಾ ಸುಮಾರು ಹದಿನೈದು ಪಟ್ಟಾಗಿತ್ತು. ಇದರಿಂದ ಎಲ್ಲರಿಗೂ ಕಾಯಿಲೆ ಬರುತ್ತದೆಂದಲ್ಲ. ಆದರೆ ಮಗುವಿಗೆ ಕೆಮ್ಮು ಜ್ವರವಿದ್ದರೆ ಬತ್ತಿಯನ್ನು ಒಂದು ಸಣ್ಣ ತುಂಡಿಗೆ ಚುಚ್ಚಿ, ಉಳಿದ ಕೇಕನ್ನು ಬೇರೆ ಇಡಿ. ಊಟಕ್ಕೆ ಮುಂಚೆ ಎಲ್ಲ ಮಕ್ಕಳ ಕೈಯನ್ನೂ ಸಾಬೂನು ಹಾಕಿ ತೊಳೆಸುವುದು ನಮ್ಮ ಮನೆಗಳ ಪದ್ಧತಿಯೇ, ಜಾದೂ ನೋಡುವ ಗಡಿಬಿಡಿಯಲ್ಲಿ ಅದು ತಪ್ಪದಿರಲಿ.

ಬರುವವರೊಡನೆ ಎರಡು ಮಾತು

ಫೋನ್‌ನಲ್ಲಿ ದರ ಕೇಳುವಾಗಲೇ ಇನ್ನೂ ಕೆಲವನ್ನು ಕೇಳಿ. ಎಷ್ಟು ಜನ ಬರುತ್ತೀರಿ, ಹೆಸರೇನು, ಬೆಂಕಿ ಅಥವಾ ಹೊಗೆಯ ಆಟ ಇದೆಯೇ, ಪ್ರಾಣಿ ಪಕ್ಷಿ ತರುತ್ತೀರಾ? ಹಾವು, ಗಿಳಿ, ಮಂಗಗಳ ಪ್ರದರ್ಶನ ವನ್ಯಜೀವಿ ಕಾನೂನಿನ ಪ್ರಕಾರ ಅಪರಾಧ, ಜೊತೆಗೆ ಮಂಗ ಕಚ್ಚಿದರೆ ರೇಬೀಸ್ ಚುಚ್ಚುಮದ್ದಿನ ಓಡಾಟ. ಮುಂಚೆ ಕರೆಸಿದ ಒಂದೆರಡು ಮನೆಯವರನ್ನು ವಿಚಾರಿಸಿ. ಬಂದವರ ಗುರುತಿನ ಚೀಟಿ ನೋಡುವುದು ಅವಮಾನವಲ್ಲ, ಕೆಲಸ ಬಲ್ಲವರು ತಾವೇ ತೋರಿಸುತ್ತಾರೆ.

ಹೇಳಲು ಸಂಕೋಚವಾಗುವ ವಿಷಯವನ್ನೂ ಹೇಳಲೇಬೇಕು. ಜಾದೂವಿನಲ್ಲಿ ಮಗುವನ್ನು ಕರೆದು ಪಕ್ಕದಲ್ಲಿ ನಿಲ್ಲಿಸುವುದು, ಕಿವಿಯ ಹಿಂದಿನಿಂದ ನಾಣ್ಯ ತೆಗೆಯುವುದು ಇದ್ದದ್ದೇ. ಎಲ್ಲರೆದುರು ನಡೆಯುವ ಅಷ್ಟರಲ್ಲಿ ತಪ್ಪಿಲ್ಲ. ಆದರೆ ಮಡಿಲಲ್ಲಿ ಕೂರಿಸಿಕೊಳ್ಳುವುದು, ಕಚಗುಳಿ, ಮುದ್ದು, ಪರದೆಯ ಹಿಂದೆ ಒಂಟಿಯಾಗಿ ಕರೆದೊಯ್ಯುವುದು, 'ಇದು ನಮ್ಮಿಬ್ಬರ ಗುಟ್ಟು' ಎನ್ನುವುದು ಬೇಡ ಎಂದು ಮುಂಚೆಯೇ ಸ್ಪಷ್ಟವಾಗಿ ಹೇಳಿ. ಅವರು ಬಟ್ಟೆ ಬದಲಿಸಲು ಹೊರಗಿನ ಕೋಣೆ ಕೊಡಿ, ಮಕ್ಕಳು ಬಳಸುವ ಬಚ್ಚಲನ್ನಲ್ಲ. ಸಣ್ಣವರು ಬಚ್ಚಲಿಗೆ ಹೋಗುವಾಗ ಮನೆಯವರೊಬ್ಬರು ಜೊತೆಗಿರಲಿ. ಮಗು ವೇಷ ನೋಡಿ ಅತ್ತರೆ 'ಅಂಕಲ್‌ಗೆ ಕೈ ಕೊಡು' ಎಂದು ತಳ್ಳಬೇಡಿ. ಬೇಡವೆನ್ನುವ ಹಕ್ಕು ಅದಕ್ಕಿದೆ ಎಂಬುದು ಅಲ್ಲೇ ಅದಕ್ಕೆ ತಿಳಿಯಲಿ. ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದ್ದಾಗಿ ಮಗು ಹೇಳಿದರೆ ಮೊದಲು ನಂಬಿ. ಊರಿನ ಮಾನ, ಕೂಟದ ಸಂತೋಷ ಎಂದು ಬಾಯಿ ಮುಚ್ಚಿಸಬೇಡಿ. 2012ರ ಪೋಕ್ಸೊ ಕಾಯ್ದೆ ಗಂಡು ಹೆಣ್ಣು ಎರಡೂ ಮಕ್ಕಳಿಗೆ ಅನ್ವಯಿಸುತ್ತದೆ, ತಿಳಿದೂ ಪೊಲೀಸರಿಗೆ ತಿಳಿಸದಿರುವುದು ಅದರ ಪ್ರಕಾರ ಅಪರಾಧ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಬಂದವರು ತಮ್ಮ ಪ್ರಚಾರಕ್ಕೆ ಮಕ್ಕಳ ವಿಡಿಯೋ ಹಾಕುವುದಕ್ಕೆ ಕರೆದ ಮನೆಯವರ ಒಪ್ಪಿಗೆ ಸಾಲದು, ಆಯಾ ಮಗುವಿನ ತಾಯಿತಂದೆಯರದ್ದು ಬೇಕು.

ಇಷ್ಟು ಹೇಳಿದ ಮಾತ್ರಕ್ಕೆ ಬರುವವರೆಲ್ಲ ಅನುಮಾನದವರು ಎಂದಲ್ಲ. ಬಹುಪಾಲು ಹೊಟ್ಟೆಪಾಡಿನ ಹುಡುಗರು, ದಿನಕ್ಕೆ ಮೂರು ಮನೆ ಓಡುವವರು. ಏಪ್ರಿಲ್ ಮೇ ಸೆಖೆಯಲ್ಲಿ ಕರಡಿಯ ಚರ್ಮದೊಳಗೆ ಅರ್ಧ ಗಂಟೆ ಕುಣಿದರೆ ಎಂಥ ಗಟ್ಟಿಗನಿಗೂ ತಲೆ ಸುತ್ತುತ್ತದೆ. ಹದಿನೈದು ನಿಮಿಷಕ್ಕೊಮ್ಮೆ ಆ ತಲೆ ತೆಗೆಯಿಸಿ, ಫ್ಯಾನಿನ ಕೆಳಗೆ ಕೂರಿಸಿ, ಉಪ್ಪು ನಿಂಬೆಯ ಶರಬತ್ತು ಕೊಡಿ. ಮಕ್ಕಳು ಹಿಂದಿನಿಂದ ಒದೆಯುವುದು, ಬಾಲ ಎಳೆಯುವುದು ನಮ್ಮಲ್ಲಿ ತಮಾಷೆ ಎನಿಸಿಕೊಂಡಿದೆ, ಅದನ್ನು ತಡೆಯುವುದೂ ನಮ್ಮ ಕೆಲಸ. ಬಿರಿಯಾನಿ ತಣ್ಣಗಾಗುವ ಮುಂಚೆ ಅವರಿಗೂ ಬಡಿಸಿ, ಒಪ್ಪಿದ ಹಣವನ್ನು ಚೌಕಾಸಿ ಮಾಡದೆ ಕೊಟ್ಟುಬಿಡಿ.

ಉಸಿರು ಸಿಕ್ಕಿಕೊಂಡಾಗ ಏನು ಮಾಡಬೇಕೆಂದು ಕೂಟದಲ್ಲಿ ಇಬ್ಬರಿಗಾದರೂ ಗೊತ್ತಿರಬೇಕು. ಮಗು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿಯೇ ಹೊರಡದಿದ್ದರೆ, ತುಟಿ ನೀಲಿಯಾದರೆ ಮುಂದಕ್ಕೆ ಬಾಗಿಸಿ ಎರಡು ಹೆಗಲೆಲುಬುಗಳ ನಡುವೆ ಅಂಗೈಯ ಬುಡದಿಂದ ಐದು ಬಾರಿ ಗಟ್ಟಿಯಾಗಿ ಹೊಡೆಯಿರಿ. ಬರಲಿಲ್ಲವೆಂದರೆ, ಒಂದು ವರ್ಷ ದಾಟಿದ ಮಗುವಾದರೆ ಹಿಂದೆ ನಿಂತು ಹೊಕ್ಕುಳಿನ ಸ್ವಲ್ಪ ಮೇಲೆ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಬಾರಿ ಒತ್ತಿ. ವರ್ಷದೊಳಗಿನ ಕೂಸಿನ ಹೊಟ್ಟೆ ಒತ್ತಬಾರದು. ತಲೆ ಕೆಳಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಐದು ಹೊಡೆತ, ಮಗುಚಿ ಎದೆಯ ನಡುವೆ ಎರಡು ಬೆರಳಿನಿಂದ ಐದು ಒತ್ತು. ಹೊರಬರುವ ತನಕ ಇದನ್ನೇ ಒಂದರ ನಂತರ ಒಂದು ಮಾಡುತ್ತಿರಬೇಕು, ಇನ್ನೊಬ್ಬರು 108 ಅಥವಾ 112ಕ್ಕೆ ಕರೆ ಮಾಡಬೇಕು. ವಸ್ತು ಕಣ್ಣಿಗೆ ಕಾಣದಿದ್ದರೆ ಬಾಯಲ್ಲಿ ಬೆರಳು ಹಾಕಿ ತಡಕಬೇಡಿ, ಒಳಕ್ಕೆ ಜಾರುತ್ತದೆ. ಮಗು ಪ್ರಜ್ಞೆ ತಪ್ಪಿ ಉಸಿರು ನಿಂತರೆ ಎದೆ ಒತ್ತುವ ಚಿಕಿತ್ಸೆ ಶುರು ಮಾಡಬೇಕು. ಓದಿದರೆ ಕೈ ಪಳಗುವುದಿಲ್ಲ, ಹತ್ತಿರದಲ್ಲಿ ಪ್ರಥಮ ಚಿಕಿತ್ಸೆ ಶಿಬಿರ ನಡೆದಾಗ ಮನೆಯಿಂದ ಒಬ್ಬರಾದರೂ ಹೋಗಿ ಗೊಂಬೆಯ ಮೇಲೆ ಮಾಡಿ ಕಲಿತು ಬನ್ನಿ.

ಅತಿಥಿಗಳೆಲ್ಲ ಹೋದ ಮೇಲೆ ದಣಿವು ಬಹಳ, ಗುಡಿಸುವುದನ್ನು ನಾಳೆಗೆ ಬಿಡೋಣ ಎನಿಸುತ್ತದೆ. ಬೆಲೂನಿನ ಚೂರು, ಬಿಚ್ಚಿಬಿದ್ದ ಬ್ಯಾಟರಿ, ಗುಂಡುಸೂಜಿ, ಮಿಠಾಯಿಯ ಕಡ್ಡಿಗಳನ್ನಾದರೂ ಆ ರಾತ್ರಿಯೇ ಹೆಕ್ಕಿಬಿಡಿ, ಸೋಫಾದ ಅಡಿಗೆ ಒಮ್ಮೆ ಟಾರ್ಚ್ ಬಿಟ್ಟು ನೋಡಿ. ಫಜರ್‌ಗೆ ನೀವು ಏಳುವ ಹೊತ್ತಿಗೇ ಮನೆಯ ಸಣ್ಣದೂ ಎದ್ದು ಹಾಲ್‌ನ ನೆಲದಲ್ಲಿ ಹರಿದಾಡತೊಡಗಿರುತ್ತದೆ.